ಅಕ್ಕನ ದನಿ ನನ್ನ ಹತ್ತಿರ ಉಳಿಯಿತು

ನನಗೆ ಎರಡು ದನಿ ಇವೆ. ಒಂದು ನನ್ನ ಜೊತೆಗೆ ಹುಟ್ಟಿದ್ದು. ಇನ್ನೊಂದು ನನ್ನ ಗಂಡನ ಅಕ್ಕನದು. ಅದನ್ನು ಒಂದು ಚಳಿಗಾಲದ ಮಟ್ಟಿಗೆ ಅಂತ ತೆಗೆದುಕೊಂಡೆ, ತಿರುಗಿ ಕೊಡಲು ಆಗಲಿಲ್ಲ. ಈಗ ಆಕೆ ಇಲ್ಲ. ಬೀಸುವ ಕಲ್ಲು ಹಿತ್ತಲಲ್ಲಿ ಮಗುಚಿ ಬಿದ್ದಿದೆ, ಮೊಮ್ಮಕ್ಕಳು ಅದಕ್ಕೆ ಸೈಕಲ್ ಒರಗಿಸುತ್ತಾರೆ. ಸೊಸೆಯಂದಿರು ಒಮ್ಮೊಮ್ಮೆ "ಅತ್ತಿ, ಬೀಸೋ ಹಾಡು ಹೇಳ್ರಿ, ಕೇಳಮು" ಅನ್ನುತ್ತಾರೆ. ಯಾವ ದನಿಯಲ್ಲಿ ಹೇಳಲಿ? ಹಾಡಿ ಹಾಡಿ ನನಗೆ ಸಾಕಾಗಿದೆ. ಹಾಡು ಬಿಡಿ, ಅದರ ಕತೆಯನ್ನೇ ಒಂದು ಸಲ ಹೇಳಿ ಮುಗಿಸುತ್ತೇನೆ.

ನಾನು ಹುಟ್ಟಿದ್ದು ಶಹಾಬಾದಿನಲ್ಲಿ. ಅಪ್ಪ ಕಲ್ಲಿನ ಖಣಿಯಲ್ಲಿ ಆಳುಗಳ ಮೇಲಿನ ಮುಕದ್ದಮನಾಗಿದ್ದ. ಹಾಸುಗಲ್ಲು ಸೀಳುವ ಸಪ್ಪಳದಲ್ಲೇ ಬೆಳೆದೆ. ಮಾತು ಕೇಳಬೇಕಾದರೆ ಕೂಗಬೇಕು, ಹಾಗಾಗಿ ನಮ್ಮ ಕಡೆ ಹೆಂಗಸರ ದನಿ ದೊಡ್ಡದು. ನನಗೊಂದು ಚಟವಿತ್ತು. ಯಾರ ದನಿ ಕೇಳಿದರೂ ಅದನ್ನು ಹಾಗೇ ತೆಗೆಯುತ್ತಿದ್ದೆ. ಖಣಿಯ ಮುನ್ಶಿ ಕೆಮ್ಮಿ ಕೆಮ್ಮಿ ಉರ್ದುವಿನಲ್ಲಿ ಬೈಯುವುದನ್ನು ಮಾಡಿ ತೋರಿಸಿದರೆ ಓಣಿಯ ಹೆಂಗಸರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವ್ವ ಮಾತ್ರ ನಕ್ಕು ಮುಗಿಸಿ, "ಈ ಚಟ ನಿಂಗ ಗಂಡನ ಮನ್ಯಾಗ ಬೈಸ್ತದ ನೋಡು" ಅನ್ನುತ್ತಿದ್ದಳು. ಬೈಸಿದ್ದರೆ ಚಲೋ ಇತ್ತು.

ನನ್ನನ್ನು ಸೇಡಂಗೆ ಕೊಟ್ಟರು. ಮಾವ ತೊಗರಿ ವ್ಯಾಪಾರಿ. ಅತ್ತೆ ನಾನು ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ವಾಡಿ ಸ್ಟೇಷನ್ನಿನ ಮಾಲುಗೋದಾಮಿನಲ್ಲಿ ಕಾರಕೂನ, ವಾರಕ್ಕೊಮ್ಮೆ ರೈಲಿನಲ್ಲಿ ಬಂದು ಹೋಗುತ್ತಿದ್ದರು. ಮನೆಯಲ್ಲಿ ಇದ್ದ ಹೆಂಗಸರು ಮೂವರು: ನಾನು, ಮಾವನ ತಾಯಿ, ಮತ್ತೆ ಅಕ್ಕ. ಮಾವನ ತಾಯಿಯನ್ನು ಎಲ್ಲರೂ ಆಯಿ ಅನ್ನುತ್ತಿದ್ದೆವು. ಅಕ್ಕನಿಗೆ ಆಗ ಇಪ್ಪತ್ತೇಳೋ ಇಪ್ಪತ್ತೆಂಟೋ. ಮದುವೆಯಾದ ಎರಡನೇ ವರ್ಷಕ್ಕೆ ಗಂಡ ಸತ್ತು ತವರಿಗೆ ಬಂದವಳು.

ನಮ್ಮದು ಲಿಂಗ ಕಟ್ಟಿದವರ ಮನೆ. ಹೆಂಗಸರ ಕೊರಳಲ್ಲೂ ಲಿಂಗ. ಮುಟ್ಟಿನ ಮೈಲಿಗೆ ನಮಗಿಲ್ಲ ಅನ್ನುವುದನ್ನು ಹಾಲು ಕುಡಿಯುವಾಗಲೇ ಕೇಳಿ ಬೆಳೆದವರು ನಾವು. ಆದರೂ ನಾನು ಬಂದ ಮೊದಲ ತಿಂಗಳಲ್ಲಿ ಹೊರಗಾದಾಗ, ಈ ಮನೆಯ ರೀತಿ ಹೇಗೋ ಅಂತ ಹೆದರಿ ಮೂಲೆಯಲ್ಲಿ ನಿಂತಿದ್ದೆ. ಆಯಿ ನೋಡಿ, "ಯಾಕ ಅಲ್ಲಿ ಗ್ವಾಡಿಗಿ ಅಂಟ್ಕೊಂಡು ನಿಂತೀದಿ? ಹೋಗಿ ಎಸರು ಇಡು" ಅಂದಳು. ಅಷ್ಟೇ. ಅದರ ಮೇಲೆ ಮಾತಿರಲಿಲ್ಲ.

ಬೀಸುವ ಕಲ್ಲು ಬೀದಿಗೆ ಮುಖ ಮಾಡಿದ ಪಡಸಾಲೆಯ ಪಕ್ಕದ ಕೋಣೆಯಲ್ಲಿತ್ತು. ಬೆಳ್ಳಿ ಮೂಡುವ ಹೊತ್ತಿಗೆ ನಾನು ಮತ್ತು ಅಕ್ಕ ಎದುರುಬದುರು ಕೂತು ಜೋಳ ಬೀಸುತ್ತಿದ್ದೆವು. ಒಂದು ಸಾಲು ನಾನು, ಮುಂದಿನ ಸಾಲು ಅಕ್ಕ. ಆಕೆಯದು ತಗ್ಗಿನ ದನಿ. ಮೇಲೇರುವಾಗ ಸ್ವಲ್ಪ ಒಡೆಯುತ್ತಿತ್ತು, ಸಾಲಿನ ನಡುವೆ ಒಂದು ಕಡೆ ಉಸಿರು ತೆಗೆದುಕೊಳ್ಳುತ್ತಿದ್ದಳು. ಆ ಉಸಿರಿಗಾಗಿ ನಾನು ಕಾಯುತ್ತಿದ್ದೆ. ಹೊಸದರಲ್ಲಿ ತವರಿನ ನೆನಪಾಗಿ ನಾನೇ ಒಂದು ಕಟ್ಟಿಕೊಂಡಿದ್ದೆ:

ಕಲ್ಲಿನ ಊರಾಗ ಹುಟ್ಟಿ, ಕಲ್ಲಿನ ಮುಂದ ಕುಂತು
ಬೆಲ್ಲದಂಥ ತವರ ನೆನದೇನ, ಕಾಗಿಣಿ ಹೊಳಿ ದಾಟಿ
ಇಲ್ಲಿಗೊಮ್ಮಿ ಬಾರೋ ನನ್ನಣ್ಣ

ಅಕ್ಕ ಕೇಳಿ, "ನಿಮ್ಮಣ್ಣ ಬಂದ್ರ ಬರೇ ಕಲ್ಲೇ ತರ್ತಾನ" ಅಂತ ಕಾಡಿಸಿದಳು. ಖರೇ ಹಾಗೇ ಆಯಿತು. ಅಣ್ಣ ಬರುವಾಗ ಒಂದು ಬಂಡಿ ಹಾಸುಗಲ್ಲು ತಂದ. ಪಡಸಾಲೆಗೆ ಹಾಕಿ ಉಳಿದವನ್ನು ಹಿತ್ತಲಿನ ಮೇವಿನ ಕೋಣೆಗೆ ಹಾಸಿದರು.

ಮೂರನೇ ವರ್ಷವೋ ಏನೋ, ಚಿತ್ತಾಪುರದ ಕಡೆಯಿಂದ ಒಬ್ಬ ಅಯ್ಯನವರು ಬಂದು ಊರಲ್ಲಿ ನಿಂತರು. ಓದಿದವರು, ಮಾತು ಬಲ್ಲವರು. ಸಂಜೆ ಸಂಜೆ ವ್ಯಾಪಾರಿಗಳನ್ನೆಲ್ಲ ಕೂಡಿಸಿಕೊಂಡು ಹೇಳುತ್ತಿದ್ದರು. ನಮ್ಮ ಧರ್ಮ ಕೆಟ್ಟಿದೆ, ಕೆಡಿಸಿದವರು ಹೆಂಗಸರು, ಅವರನ್ನು ಬಿಗಿ ಮಾಡಿದರೆ ಎಲ್ಲ ನೆಟ್ಟಗಾಗುತ್ತದೆ ಅಂತ. ರಾಜ್ಯ ನಿಜಾಮರದು, ಕಚೇರಿ ಭಾಷೆ ಉರ್ದು, ಊರ ಗಂಡಸರಿಗೆ ಹೊರಗೆ ಯಾವುದರ ಮೇಲೂ ಹಿಡಿತವಿರಲಿಲ್ಲ. ಮನೆಯೊಳಗೆ ನಾವು ಸಿಕ್ಕೆವು. ಮಾವ ಕೆಟ್ಟವರಲ್ಲ. ಆದರೆ ಅಯ್ಯನವರ ಮಾತು ಅವರಿಗೆ ಹಿಡಿಸಿತು. ನಮ್ಮ ಓಣಿಯ ಹತ್ತು ಮನೆಗಳಿಗೂ ಹಿಡಿಸಿತು.

ನೇಮಗಳು ಒಂದೊಂದಾಗಿ ಬಂದವು. ಹೊರಗಾದವಳು ನಾಲ್ಕು ದಿನ ಮೇವಿನ ಕೋಣೆಯಲ್ಲಿರಬೇಕು. ನೀರು, ಒಲೆ, ಬೀಸುವ ಕಲ್ಲು ಮುಟ್ಟಬಾರದು. ತವರಿನ ಹಾಡು ಬಿಟ್ಟು ಅಯ್ಯನವರು ಕಲಿಸಿದ ಭಕ್ತಿಯ ಪದಗಳನ್ನೇ ಹಾಡಬೇಕು. ಎಲ್ಲಕ್ಕಿಂತ ಹೊಸದು ಇದು: ಹೊರಗಾದವಳ ದನಿಗೂ ಮೈಲಿಗೆ ಇದೆಯಂತೆ. ಅದು ಪೂಜೆಗೆ ಕೂತವರ ಕಿವಿಗೆ ಬೀಳಬಾರದಂತೆ. ಆಯಿ ಅದನ್ನು ಕೇಳಿ ಎಲೆ ಅಡಿಕೆ ಉಗುಳಿ, "ದನಿಗಿ ಎಲ್ಲಿ ಮುಟ್ಟು ಬರ್ತದೋ ಅಪ್ಪಾ? ನಿನ್ನ ಹಡದಾಕಿ ನಾನು, ನಂಗ ಗೊತ್ತಿಲ್ಲ ಇದು" ಅಂದಳು. ಮಾವ ತಾಯಿಗೆ ಎದುರು ಮಾತಾಡಲಿಲ್ಲ. ನೇಮವನ್ನೂ ಬಿಡಲಿಲ್ಲ.

ಅಂದಿನಿಂದ ಅವರು ಬೆಳಗಿನ ಪೂಜೆಗೆ ಕೂತು ನಮ್ಮ ಹಾಡಿಗೆ ಕಿವಿ ಕೊಡತೊಡಗಿದರು. ಎರಡು ದನಿ ಕೇಳಿದರೆ ಮನೆ ಶುದ್ಧ. ಒಂದೇ ಕೇಳಿದರೆ ಒಬ್ಬಳು ಹೊರಗಿದ್ದಾಳೆ, ಅಂದು ಅವರೇ ನೀರು ಸೇದಿಕೊಳ್ಳುತ್ತಿದ್ದರು. ಬಾಯಿಬಿಟ್ಟು ಕೇಳುವ ಮಾತಲ್ಲವಲ್ಲ ಅದು, ಹಾಡೇ ಅವರಿಗೆ ಹೇಳಬೇಕು. ಓಣಿಯೆಲ್ಲ ಹೀಗೇ ಆಯಿತು. ಯಾವ ಮನೆಯಲ್ಲಿ ಯಾರ ದನಿ ನಿಂತಿತು, ಎಂದು ಮತ್ತೆ ಶುರುವಾಯಿತು ಅಂತ ಹೆಂಗಸರೇ ಲೆಕ್ಕ ಇಡತೊಡಗಿದರು. ನಮ್ಮ ಮೈಯ ಗುಟ್ಟು ಬೀದಿಗೆ ಬಿತ್ತು.

ಆ ವರ್ಷ ಚಳಿ ಬೇಗ ಹಿಡಿಯಿತು, ಜಾಸ್ತಿಯೂ ಇತ್ತು. ಅಕ್ಕನಿಗೆ ಮೊದಲಿನಿಂದ ಮುಟ್ಟು ಭಾಳ ಹೋಗುತ್ತಿತ್ತು. ಮೇವಿನ ಕೋಣೆಯಲ್ಲಿ ನಮ್ಮೂರ ಕಲ್ಲಿನ ಮೇಲೆ ಒಂದು ಗೋಣಿಚೀಲ ಹಾಸಿಕೊಂಡು ನಾಲ್ಕು ದಿನ ಮಲಗಿದಳು. ಐದನೇ ದಿನ ಏಳಲು ಆಗಲಿಲ್ಲ. ಜ್ವರ, ಎದೆಯಲ್ಲಿ ಕಫ. ಮುಂದಿನ ತಿಂಗಳೂ ಅದೇ. ಬೇಸಿಗೆಯಲ್ಲಿ ತಣ್ಣಗಿರುತ್ತದೆಂದು ನಮ್ಮಪ್ಪ ಆರಿಸಿ ಕಳಿಸಿದ ಕಲ್ಲು ಅದು. ನನಗೆ ಅದರ ಮೇಲೆ ಕಾಲಿಡಲೂ ಸಿಟ್ಟು ಬರುತ್ತಿತ್ತು.

ಮೂರನೇ ತಿಂಗಳು ಆಯಿ ನನ್ನನ್ನು ಅಡಿಗೆಮನೆಗೆ ಕರೆದಳು. "ನೀ ಎಲ್ಲರಂಗ ಮಾತಾಡ್ತಿದಿಯಲ್ಲ, ಈಕಿ ಹಂಗ ಹಾಡ್ಲಿಕ್ಕಿ ಬರ್ತದೇನು?" ಅಂದಳು. ನಾನು ಅಲ್ಲೇ ಮೆಲ್ಲಗೆ ಒಂದು ಸಾಲು ತೆಗೆದೆ. ಒಡೆಯುವ ಕಡೆ ಒಡೆಸಿ, ಉಸಿರು ತೆಗೆದುಕೊಳ್ಳುವ ಕಡೆ ತೆಗೆದುಕೊಂಡೆ. ಆಯಿ ಎದ್ದು ಬಾಗಿಲು ಮುಂದೆ ಮಾಡಿ ಬಂದಳು. "ಆತು. ಹೊರಗಾದಾಗ ಆಕಿಗಿ ಬೀಸಿ ಹಾಡೋ ತ್ರಾಣ ಇಲ್ಲ. ಇನ್ನ ಆ ನಾಲ್ಕು ದಿನ ಆಕಿ ಒಳಗ ಕಣಜದ ಹಿಂದ ಮಲಗ್ಲಿ. ಕಲ್ಲಿನ ಗೂಟ ನಾ ಹಿಡೀತೀನಿ. ನೀ ಇಬ್ಬರದೂ ಹಾಡು."

ಹಾಗೇ ನಡೆಯಿತು. ಒಂದು ಸಾಲು ನನ್ನದು, ಮುಂದಿನದು ಅಕ್ಕನದು, ಎರಡೂ ನನ್ನ ಬಾಯಿಯಿಂದ. ಅಕ್ಕ ಬೆಚ್ಚಗೆ ಮಲಗಿ, ಬೆಳಕಾದ ಮೇಲೆ ಎದ್ದು ಎಂದಿನಂತೆ ನೀರು ತಂದು ಅಡಿಗೆ ಮಾಡುತ್ತಿದ್ದಳು. ಮಾವನಿಗೆ ಗೊತ್ತಾಗಲಿಲ್ಲ. ನಾನು ಹೊರಗಾದಾಗ ಮಾತ್ರ ನೇಮದಂತೆ ಮೇವಿನ ಕೋಣೆಗೆ ಹೋಗುತ್ತಿದ್ದೆ, ನನ್ನ ದನಿ ತೆಗೆಯುವವರು ಯಾರೂ ಇರಲಿಲ್ಲವಲ್ಲ. ತಿಂಗಳಿಗೊಮ್ಮೆ ಒಂದು ದನಿ ನಿಲ್ಲುತ್ತಿತ್ತು, ಅವರಿಗೆ ಅಷ್ಟೇ ಸಾಕಾಗಿತ್ತು. ಅಕ್ಕನ ಮುಖಕ್ಕೆ ರಕ್ತ ಬಂತು. ನಾವು ಮೂವರೂ ಕದ್ದು ನಗುತ್ತಿದ್ದೆವು. ಆ ಮನೆಯಲ್ಲಿ ನಾನು ಖುಷಿಯಾಗಿದ್ದ ದಿನಗಳು ಅವೇ.

ಅದೇ ಹೊತ್ತಿಗೆ ಆಯಿ ಇನ್ನೊಂದು ಕೆಲಸ ಹಚ್ಚಿಕೊಂಡಿದ್ದಳು. ಗಂಡ ಸತ್ತವಳಿಗೆ ಎರಡನೇ ಮದುವೆ ಮಾಡುವುದು ನಮ್ಮಲ್ಲಿ ಹಿಂದಿನಿಂದ ಇದ್ದದ್ದೇ, ಅದಕ್ಕೆ ಉಡಿಕಿ ಅನ್ನುತ್ತಾರೆ. ಚಿಂಚೋಳಿಯಲ್ಲಿ ಹೆಂಡತಿ ಸತ್ತ ಒಬ್ಬ ಒಕ್ಕಲುತನದವನಿದ್ದ, ಆರು ವರ್ಷದ ಒಬ್ಬಳು ಮಗಳು. ಅಯ್ಯನವರು ಉಡಿಕಿಯೂ ಕೂಡದು ಅಂದಿದ್ದರು. ಆಯಿ ಎರಡು ದಿನ ಉಣ್ಣದೆ ಕೂತು ಮಾವನಿಂದ ಹೂಂ ಅನ್ನಿಸಿದಳು. ಆತ ಮಗಳನ್ನು ಕರೆದುಕೊಂಡು ಬಂಡಿ ಕಟ್ಟಿಕೊಂಡು ಬಂದ. ಮಾತು ಕಡಿಮೆ, ಕುಂಚಾವರಂ ಕಡೆಯ ತೆಲುಗು ಬೆರೆಸುತ್ತಿದ್ದ. ಹುಡುಗಿಯ ತಲೆ ಸಿಕ್ಕುಗಟ್ಟಿತ್ತು. ಅಕ್ಕ ಯಾರನ್ನೂ ಕೇಳದೆ ಅವಳನ್ನು ಮುಂದೆ ಕೂಡಿಸಿಕೊಂಡು ಎಣ್ಣೆ ಹಚ್ಚಿ ಹೆಣೆದಳು. ಹೋಗುವಾಗ ಆ ಹುಡುಗಿ ಬಂಡಿಯಿಂದ ತಿರುಗಿ ತಿರುಗಿ ನೋಡುತ್ತಿತ್ತು. ಯುಗಾದಿ ಆದ ಮೇಲೆ ಮಾಡುವುದೆಂದು ಮಾತಾಯಿತು.

ಅಕ್ಕ ಒಂದು ಖಣದ ತುಂಡಿನಲ್ಲಿ ಪುಟ್ಟ ಕುಪ್ಪಸ ಹೊಲಿಯಲು ಕೂತಳು. ಹೊಲಿಯುತ್ತ, "ತಂಗಿ, ಆ ಹುಡುಗಿಗಿ ಬೀಸೋ ಹಾಡು ಕಲಸ್ತೀನಿ. ಹಳೇವು. ಅಯ್ಯನವರ ಪದ ಅಲ್ಲ" ಅಂದಳು. ನನಗೆ ಹೊಟ್ಟೆಕಿಚ್ಚೂ ಆಯಿತು, ಸಂತೋಷವೂ ಆಯಿತು. ಆಕೆ ಹೋದರೆ ಈ ಕಲ್ಲಿನ ಮುಂದೆ ನಾನೊಬ್ಬಳೇ.

ಯುಗಾದಿಗೆ ಇನ್ನೂ ಹದಿನೈದು ದಿನವಿತ್ತು. ಎದುರುಮನೆಯಾಕೆ ಮೊರ ಕೇಳುವ ನೆಪದಲ್ಲಿ ಬಂದಳು. ಕೈಯಲ್ಲಿ ಮೊರ ಹಿಡಿದುಕೊಂಡೂ ಹೋಗಲಿಲ್ಲ. "ನಿಮ್ಮ ಅಕ್ಕನ ದನಿ ಭಾಳ ಚಲೋ ಅದ ಬಿಡು. ನಾಲ್ಕು ತಿಂಗಳಾತು, ಒಂದಿನಾನೂ ನಿಂತಿಲ್ಲ" ಅಂದಳು. ನಾನು ಹೊಗಳಿಕೆ ಅಂದುಕೊಂಡು ನಕ್ಕೆ. ಆಕೆ ನಗಲಿಲ್ಲ. "ನಿಂದರ ನಿಲ್ತದ. ಆಕಿದು ಯಾಕ ನಿಂತಿಲ್ಲ ತಂಗಿ?"

ನಾಲ್ಕು ತಿಂಗಳು ಒಬ್ಬ ಹೆಂಗಸು ಹೊರಗೆ ಕೂರಲಿಲ್ಲವೆಂದರೆ ಲೋಕಕ್ಕೆ ಗೊತ್ತಿರುವ ಅರ್ಥ ಒಂದೇ. ಅದೂ ಗಂಡ ಸತ್ತವಳು. ನಡುನಡುವೆ ನಾಲ್ಕು ದಿನ ಆಕೆಯ ದನಿ ಬಿಟ್ಟಿದ್ದರೆ ಮುಗಿದುಹೋಗುತ್ತಿತ್ತು. ನನಗೆ ಹೊಳೆಯಲಿಲ್ಲ, ಅಷ್ಟು ಕಂಡ ಆಯಿಗೂ ಹೊಳೆಯಲಿಲ್ಲ. ಹೊರಗೆ ಕೂರುವುದೇ ಇಲ್ಲದ ಮನೆಗಳಲ್ಲಿ ಬೆಳೆದವರು ನಾವು, ಮತ್ತೊಬ್ಬಳ ದಿನ ಎಣಿಸುವುದು ನಮಗೆ ರೂಢಿಯಿರಲಿಲ್ಲ. ಓಣಿಯವರು ಬೇಗ ಕಲಿತಿದ್ದರು.

ಮಾತು ಅಯ್ಯನವರಿಗೆ ಹೋಯಿತು, ಅಲ್ಲಿಂದ ಮಾವನಿಗೆ ಬಂತು. ಚಿಂಚೋಳಿಗೂ ಹೋಯಿತು. ಆತ ಒಳ್ಳೆಯ ಮನುಷ್ಯ. ಒಬ್ಬ ಆಳಿನ ಕೈಯಲ್ಲಿ, "ಇಂಥಾ ಮಾತು ಕಿವಿಗಿ ಬಿದ್ದದ. ನಾ ನಂಬಿಲ್ಲ. ಸುಳ್ಳಂತ ನೀವೊಂದು ಮಾತು ಹೇಳಿ ಕಳಸ್ರಿ, ನನಗ ಸಾಕು" ಅಂತ ಹೇಳಿಕಳಿಸಿದ. ಆಳನ್ನು ಕಟ್ಟೆಯ ಮೇಲೆ ಕೂಡಿಸಿ ಮಾವ ಒಳಗೆ ಬಂದರು.

ಮಾವ ನನ್ನೊಡನೆ ನೇರವಾಗಿ ಎಂದೂ ಮಾತಾಡಿದವರಲ್ಲ. ಅಂದೂ ಆಯಿಗೇ ಹೇಳಿದರು: "ಆಕಿ ಹೊಟ್ಟ್ಯಾಗ ಏನಾರ ಅದೇನು, ಕೇಳು." ಅಕ್ಕ ಕಂಬಕ್ಕೆ ಒರಗಿ ನಿಂತಿದ್ದಳು. ಬಾಯಿಗೆ ಸೆರಗು ಒತ್ತಿಕೊಂಡಳು. ನನಗೆ ತಡೆಯಲು ಆಗಲಿಲ್ಲ. ಬಾಗಿಲ ಮರೆಯಿಂದ, "ಇಲ್ರಿ ಮಾವಾರ. ಅಕ್ಕ ಹೊರಗಾದಾಗ ಆಕಿ ದನಿ ತಗದು ಹಾಡಿದ್ದು ನಾನೇ" ಅಂದೆ.

"ಹಾಡು" ಅಂದರು. ಅವರು ನನಗೆ ಆಡಿದ ಮೊದಲ ಮಾತು ಅದು.

ಹಾಡಿದೆ. ಅಯ್ಯನವರು ಕಲಿಸಿದ ಪದವನ್ನೇ ಅಕ್ಕನ ದನಿಯಲ್ಲಿ ಹಾಡಿದೆ. ಎದುರಿಗೇ ನಿಂತ ಅಕ್ಕನ ಬಾಯಿ ಮುಚ್ಚಿತ್ತು, ದನಿ ಕೋಣೆ ತುಂಬ ಇತ್ತು. ಮಾವ ನಂಬಿದರು. ಅದು ಅವರ ಮುಖದಲ್ಲಿ ಕಂಡಿತು. ಅಕ್ಕ ಪಾರಾದಳು ಅಂತ ನಾನು ಉಸಿರು ಬಿಟ್ಟೆ.

ಅವರು ಕೇಳಿದ್ದು ಬೇರೆ. "ಹಂಗಾದ್ರ ಆ ದಿನಾ ನನ್ನ ಪೂಜಿ ನೀರು ಯಾರು ತಂದ್ರು?"

ಅಕ್ಕ ಸೆರಗು ತೆಗೆದಳು. "ನಾನೇ ಅಪ್ಪಾ."

ಮಾವ ಅಲ್ಲಿಂದೆದ್ದು ಹಿತ್ತಲ ಬಾವಿಗೆ ಹೋಗಿ ತಲೆಯ ಮೇಲೆ ನೀರು ಸುರಿದುಕೊಂಡರು. ಕೊಡದ ಮೇಲೆ ಕೊಡ. ಆಯಿ ಹಿಂದೆಯೇ ಹೋದಳು. "ಮಗಳು ಬಸಿರಿಲ್ಲಂತ ಗೊತ್ತಾತಲ್ಲ. ಆಳು ಕುಂತಾನ, ಸುಳ್ಳಂತ ಒಂದು ಮಾತು ಹೇಳಿ ಕಳ್ಸು." ಮಾವ ಕೊಡ ಕೆಳಗಿಟ್ಟರು. "ಅದು ಹೆಂಗ ಸುಳ್ಳು ಅಂತ ಕೇಳ್ತಾರ. ಏನು ಹೇಳ್ಲಿ? ಮೈಲಿಗಿ ನೀರಿನಾಗ ನಾಲ್ಕು ತಿಂಗಳು ಪೂಜಿ ಮಾಡೀನಿ ಅಂತ ಊರ ಮುಂದ ಹೇಳ್ಲೇನು?" ಆಯಿ ಬೇಡಿಕೊಂಡಳು, ಬೈದಳು, ಕೊನೆಗೆ ಅತ್ತಳು. ಕಟ್ಟೆಯ ಮೇಲಿನ ಆಳು ಸಂಜೆಯವರೆಗೆ ಕಾದು, ಕೊಟ್ಟ ರೊಟ್ಟಿ ತಿಂದು ಎದ್ದು ಹೋದ. ಉತ್ತರ ಹೋಗಲಿಲ್ಲ.

ನಾನಾದರೂ ಬೀದಿಗೆ ಓಡಿ ಆ ಆಳಿಗೆ ಹೇಳಬಹುದಿತ್ತು. ಕಟ್ಟೆಯಿಂದ ಬಾಗಿಲಿಗೆ ಎಂಟು ಹೆಜ್ಜೆ. ಹೊರಗೆ ಕಾಲಿಟ್ಟರೆ ಶಹಾಬಾದಿಗೆ ಕಳಿಸಿಬಿಡುತ್ತಾರೆಂದು ಹೆದರಿದೆ. ವಾರಕ್ಕೆ ಬಂದ ಗಂಡನಿಗೆ ಹೇಳಿದೆ, ಅವರು "ಅಪ್ಪನ ಮಾತಿನಾಗ ನಾ ಹ್ಯಾಂಗ ಬೀಳ್ಲಿ" ಅಂದು ಊಟ ಮಾಡಿ ವಾಡಿಗೆ ಹೋದರು. ಅವರು ಹೆದರಿದರು, ನಾನೂ ಹೆದರಿದೆ. ಇಷ್ಟು ವರ್ಷ ಆದರೂ ಆ ಎಂಟು ಹೆಜ್ಜೆಗೆ ನನ್ನ ಹತ್ತಿರ ಬೇರೆ ಸಬೂಬು ಇಲ್ಲ. ಚಿಂಚೋಳಿಯವನು ಮುಂದಿನ ವರ್ಷ ಬೇರೆ ಕಡೆ ಮಾಡಿಕೊಂಡ.

ಅಕ್ಕನ ಹೊಟ್ಟೆ ದೊಡ್ಡದಾಗಲಿಲ್ಲ. ಆಗ ಓಣಿಯವರು ಸುಳ್ಳಾಡಿದೆವು ಅನ್ನಲಿಲ್ಲ, ಬಸಿರು ತೆಗೆಸಿದರು ಅಂದರು. ಅಕ್ಕ ಹಾಡುವುದನ್ನು ಬಿಟ್ಟಳು. ಕಲ್ಲಿನ ಮುಂದೆ ಬಂದು ಕೂತು ಗೂಟ ಹಿಡಿಯುತ್ತಿದ್ದಳು, ಬಾಯಿ ತೆರೆಯುತ್ತಿರಲಿಲ್ಲ. ನಾನು ಕೈಮುಗಿದು ಕೇಳಿಕೊಂಡೆ. "ಇರ್ಲಿ ತಂಗಿ. ನಿನ್ನ ಕಡಿನೇ ಇರ್ಲಿ" ಅಂದಳು. ಅದರಲ್ಲಿ ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಹಗುರಾಗುತ್ತಿತ್ತು.

ದನಿ ನಿಂತದ್ದಕ್ಕೂ ಓಣಿ ಒಂದು ಅರ್ಥ ಹಚ್ಚಿತು: ತೆಗೆಸಿದ ರಕ್ತ ಇನ್ನೂ ನಿಂತಿಲ್ಲ ಅಂತ. ಹದಿನೈದು ದಿನವಾದ ಮೇಲೆ ಮಾವ ಆಯಿಯ ಕೈಯಲ್ಲಿ ಹೇಳಿಸಿದರು. ನಾನು ದಿನಾ ಇಬ್ಬರ ದನಿಯಲ್ಲೂ ಹಾಡಬೇಕು. ತಿಂಗಳಿಗೆ ನಾಲ್ಕು ದಿನ ಅಕ್ಕನದನ್ನು ಬಿಡಬೇಕು. ಓಣಿಗೆ ಕೇಳುವಂತೆ ಹಾಡಬೇಕು, ಓಣಿಗೆ ಕೇಳುವಂತೆ ಬಿಡಬೇಕು. ದನಿಗೆ ಮೈಲಿಗೆ ಅಂದ ಮನುಷ್ಯನೇ ಸುಳ್ಳು ದನಿ ಹಾಡಿಸಿದರು. ತಮ್ಮ ನೀರನ್ನು ಮಾತ್ರ ಅಂದಿನಿಂದ ಸಾಯುವತನಕ ತಾವೇ ಸೇದಿಕೊಂಡರು.

ಹೀಗೆ ಹದಿನೈದು ಹದಿನಾರು ವರ್ಷ. ಅಕ್ಕ ತನ್ನ ದಿನ ಬಂದಾಗ ಏನೂ ಹೇಳದೆ ಗೋಣಿಚೀಲ ತೆಗೆದುಕೊಂಡು ಮೇವಿನ ಕೋಣೆಗೆ ಹೋಗುತ್ತಿದ್ದಳು, ನಾನು ಒಬ್ಬಳೇ ನನ್ನ ಸಾಲು ಹಾಡಿ ಅವಳ ಸಾಲಿಗೆ ಸುಮ್ಮನಿರುತ್ತಿದ್ದೆ. ನಾನು ಹೊರಗಾದರೆ ಕಲ್ಲೇ ಸುಮ್ಮನಿರುತ್ತಿತ್ತು. ಅಯ್ಯನವರು ಎಂದೋ ಬೇರೆ ಊರಿಗೆ ಹೋಗಿದ್ದರು, ಅವರ ನೇಮ ಹೋಗಿರಲಿಲ್ಲ. ಆಯಿ ತೀರಿಕೊಂಡಳು. ಆ ಪುಟ್ಟ ಕುಪ್ಪಸವನ್ನು ನನ್ನ ಮೊದಲ ಮಗಳು ಹಾಕಿಕೊಂಡು ಹರಿದಳು. ಊರಿಗೆ ಹಿಟ್ಟಿನ ಗಿರಣಿ ಬಂತು, ಆದರೂ ನಮ್ಮ ಕಲ್ಲು ನಿಲ್ಲಲಿಲ್ಲ. ಅದು ಹಿಟ್ಟಿಗಾಗಿ ತಿರುಗುತ್ತಿರಲಿಲ್ಲವಲ್ಲ.

ನಿಜಾಮರ ಆಳ್ವಿಕೆ ಮುಗಿದ ವರ್ಷ ಊರಲ್ಲಿ ಸಕ್ಕರೆ ಹಂಚಿದರು. ಗಂಡಸರು ಕೂಗಾಡಿಕೊಂಡು ಬೀದಿಯಲ್ಲಿ ತಿರುಗಿದರು. ಅದಾದ ಕೆಲವು ದಿನಕ್ಕೆ, ಒಂದು ಬೆಳಗ್ಗೆ ನಾನು ಒಬ್ಬಳೇ ಬೀಸುತ್ತಿದ್ದೆ. ಅಕ್ಕ ಹೊರಗಾದ ಎರಡನೇ ದಿನ ಅದು. ಆಕೆ ಮೇವಿನ ಕೋಣೆಯಿಂದ ಎದ್ದು ಬಂದು ಎದುರಿಗೆ ಕೂತು ಗೂಟ ಹಿಡಿದಳು. ತಲೆ ಅರ್ಧ ಬೆಳ್ಳಗಾಗಿತ್ತು.

"ಅಕ್ಕಾ, ನಿಂದು ಇವತ್ತ ಎರಡನೇದು ಅಲ್ಲೇನು?" ಅಂದೆ. ಪಡಸಾಲೆಯಾಚೆ ಮಾವ ಪೂಜೆಗೆ ಕೂತಿದ್ದರು.

"ನಂಗ ನಿಂತು ಐದು ತಿಂಗಳಾತು ತಂಗಿ. ಸುಮ್ಮನ ಹೋಗಿ ಮಲಗಿ ಬರ್ಲಿಕತ್ತಿದ್ದೆ" ಅಂದಳು. ಕಲ್ಲು ಎರಡು ಸುತ್ತು ತಿರುಗಿತು. "ಚಿಂಚೋಳಿ ಹುಡುಗಿಗಿ ಈಗ ಮಕ್ಕಳಾಗಿರಬೇಕು" ಅಂದಳು. ಆ ಊರಿನ ಹೆಸರು ಆಕೆಯ ಬಾಯಲ್ಲಿ ಅಷ್ಟು ವರ್ಷದಲ್ಲಿ ಅದೇ ಮೊದಲು.

ನನಗೆ ಕಣ್ಣು ಕಾಣಲಿಲ್ಲ. "ನೀನೇ ಹಾಡಕ್ಕಾ. ಇನ್ನರ ನೀನೇ ಹಾಡು."

"ನಂಗ ಈಗ ಬರಂಗಿಲ್ಲ. ನೀನೇ ಹಾಡು. ಇನ್ನ ಆ ನಾಲ್ಕು ದಿನಾನೂ ಬಿಡಬ್ಯಾಡ, ದಿನಾ ಹಾಡು" ಅಂದಳು. "ಈಗ ನನ್ನ ಯಾರೂ ಎಣಸಂಗಿಲ್ಲ."

ಆಕೆ ಒಂದು ಹಿಡಿ ಜೋಳ ಕಲ್ಲಿನ ಬಾಯಿಗೆ ಹಾಕಿದಳು. ನಾನು ಆಕೆಯ ದನಿ ತೆಗೆದು ಹಾಡಿದೆ.